ಕ್ರೆನೆಕ್‌ನ ಸ್ಮೋಕರ್ ಮಾರಾಟಕ್ಕಿದೆ

ಪೆಕನ್ ಬೆಂಡ್, ಟೆಕ್ಸಸ್
12 ಜನವರಿ 2014

ಅಪ್ಪಾ,

ಕ್ರಿಸ್‌ಮಸ್‌ಗೆ ನಿನ್ನನ್ನು ನೋಡಲು ಬರಲಿಲ್ಲ. ನೀನು ಬೇಸರವನ್ನು ಬರೆದು ತೋರಿಸುವವನಲ್ಲ, ಆದರೂ ನನಗೆ ಗೊತ್ತು. ಸೆರೆಮನೆಯ ಗೇಟಿಗೆ ಇಲ್ಲಿಂದ ನಾಲ್ಕು ಗಂಟೆಯ ದಾರಿ, ಕಾರು ಕೈಕೊಟ್ಟಿತು ಎಂದು ಬರೆಯಬಹುದಿತ್ತು. ಕಾರು ಚೆನ್ನಾಗಿಯೇ ಇದೆ. ಹೊರಡಲು ಮನಸ್ಸಾಗಲಿಲ್ಲ, ಅಷ್ಟೆ.

ಈಗ ಬರೆಯುತ್ತಿರುವುದು ಬೇರೆ ವಿಷಯಕ್ಕೆ. ಮನೆಯೊಡತಿ ಸುಲಕ್ ಅಜ್ಜಿ ಈ ಮನೆಯನ್ನು ತನ್ನ ತಮ್ಮನ ಮಗಳಿಗೆ ಕೊಡುತ್ತಾಳಂತೆ. ಮಾರ್ಚ್ ಕೊನೆಯೊಳಗೆ ಖಾಲಿ ಮಾಡಬೇಕು. ನನಗೇನೂ ತೊಂದರೆಯಿಲ್ಲ. ವಿಕ್ಟೋರಿಯಾದಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿದೆ, ಹತ್ತಿರದಲ್ಲೇ ಮೇಲಂತಸ್ತಿನಲ್ಲಿ ಎರಡು ಕೋಣೆಯೂ ಸಿಕ್ಕಿದೆ. ನಿನ್ನ ಬಟ್ಟೆ, ಉಪಕರಣ, ಅಮ್ಮನ ಹೊಲಿಗೆ ಯಂತ್ರ ಎಲ್ಲವನ್ನೂ ಹೇಗೋ ಹೊಂದಿಸಬಹುದು. ಮೆಟ್ಟಿಲು ಹತ್ತಲಾರದ್ದು ಒಂದೇ, ಹೊಗೆಯಲ್ಲಿ ಮಾಂಸ ಬೇಯಿಸುವ ನಿನ್ನ ಆ ದೊಡ್ಡ ಒಲೆ, ಸ್ಮೋಕರ್.

ನಿನ್ನೆ ಅದರ ಮೇಲಿನ ನೀಲಿ ತಾಡಪಾಲು ತೆಗೆದೆ. ಮೂರು ವರ್ಷದಲ್ಲಿ ಮೊದಲ ಸಲ. ಹೊಗೆಕೊಳವೆಯಲ್ಲಿ ಕಣಜ ಗೂಡು ಕಟ್ಟಿದೆ. ಮುಚ್ಚಳದ ಅಂಚಿಗೆ ತುಕ್ಕು ಹಿಡಿದಿದೆ, ಆದರೆ ಎತ್ತಿದರೆ ಈಗಲೂ ಒಂದೇ ಬೆರಳಿಗೆ ಏಳುತ್ತದೆ. ಬಲಮಗ್ಗುಲಿನ ತಗ್ಗು ಹಾಗೇ ಇದೆ. ಒಳಗೆ ಮೂಗಿಟ್ಟೆ, ಓಕ್ ಸೌದೆಯ ಹೊಗೆಯ ವಾಸನೆ ಇನ್ನೂ ಹೋಗಿಲ್ಲ.

ಏನು ಮಾಡಲಿ, ಹೇಳು.

ಕಾರ್ಲಾ

*

24 ಜನವರಿ

ಪ್ರೀತಿಯ ಕಾರ್ಲಾ,

ಮಾರಿಬಿಡು.

ನಾನು ಹೊರಬರುವುದಕ್ಕೆ ಇನ್ನೂ ಐದು ವರ್ಷವಿದೆ. ಬಂದ ಮೇಲೂ ಅದರ ಮುಂದೆ ಕೂರುವ ಧೈರ್ಯ ನನಗಿಲ್ಲ. ಕಬ್ಬಿಣ ಸುಮ್ಮನೆ ಬಿದ್ದಿದ್ದರೆ ಹಾಳಾಗುತ್ತದೆ, ಉರಿಸುವವರ ಕೈಗೆ ಹೋದರೆ ಇನ್ನೂ ಮೂವತ್ತು ವರ್ಷ ಬಾಳುತ್ತದೆ.

ಮೊದಲು ಕಣಜಗಳನ್ನು ಓಡಿಸು. ಬೆಂಕಿಗೂಡಿನಲ್ಲಿ ಒಂದು ತೋಳುತುಂಬ ಸೌದೆ ಹಾಕಿ ಜೋರಾಗಿ ಉರಿಸು, ಒಳಗಿನ ಹಳೆಯ ಜಿಡ್ಡೆಲ್ಲ ಸುಟ್ಟುಹೋಗಲಿ. ಬಿಸಿಯಿರುವಾಗಲೇ ಹೊರಮೈಗೆ ಬಟ್ಟೆಯಿಂದ ಅಡುಗೆ ಎಣ್ಣೆ ಒರೆಸು. ಬಣ್ಣ ಹಚ್ಚಬೇಡ. ಬಣ್ಣ ಹಚ್ಚಿದ ಸ್ಮೋಕರ್ ಕಂಡರೆ ತಿಳಿದವರು ಏನೋ ಮುಚ್ಚಿಟ್ಟಿದ್ದಾರೆ ಅಂದುಕೊಳ್ಳುತ್ತಾರೆ. ತಗ್ಗನ್ನೂ ಮುಚ್ಚಿಡಬೇಡ. ಹೇಗೆ ಆಯಿತೆಂದು ಯಾರಾದರೂ ಕೇಳಿದರೆ ಇದ್ದದ್ದು ಹೇಳು.

ಜಾಹೀರಾತಿನಲ್ಲಿ ಹೀಗೆ ಬರೆ: ಹಳೆಯ ಗ್ಯಾಸ್ ಟ್ಯಾಂಕಿನಿಂದ ಮಾಡಿದ್ದು, ಎರಡು ಚಕ್ರದ ಟ್ರೇಲರ್ ಮೇಲಿದೆ, ಒಂದು ಸಲಕ್ಕೆ ದನದ ಎದೆಮಾಂಸದ ಹನ್ನೆರಡು ಇಡೀ ಬ್ರಿಸ್ಕೆಟ್ ಹಿಡಿಯುತ್ತದೆ. ಬೆಸುಗೆ ವೆಂಡೆಲ್ ಓಡಮ್‌ನದು. ಈ ಕೊನೆಯ ಮಾತನ್ನು ಮರೆಯದೆ ಬರೆ. ಈ ಭಾಗದಲ್ಲಿ ಅವನ ಬೆಸುಗೆಯ ಬೆಲೆ ತಿಳಿಯದವರಿಲ್ಲ.

ಅವನ ಹೆಸರನ್ನು ಕಾಗದದ ಮೇಲೆ ಬರೆದು ಮೂರು ವರ್ಷವಾಗಿತ್ತು.

ಅಪ್ಪ

*

ಪೆಕನ್ ಬೆಂಡ್
16 ಫೆಬ್ರವರಿ

ಅಪ್ಪಾ,

ನೀನು ಹೇಳಿದಂತೆಯೇ ಬರೆದು ಪತ್ರಿಕೆಗೆ ಕೊಟ್ಟೆ, ದನದ ಮೇವಿನ ಅಂಗಡಿಯ ಗೋಡೆಗೂ ಒಂದು ಅಂಟಿಸಿದೆ. ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಒಬ್ಬ, ಇದಕ್ಕೆ ಗ್ಯಾಸ್ ಒಲೆ ಕೂರಿಸಲು ಬರುತ್ತದೆಯೇ ಎಂದು ಕೇಳಿದ. ಇನ್ನೊಬ್ಬಳಿಗೆ ಅದರಲ್ಲಿ ಮಣ್ಣು ತುಂಬಿ ಟೊಮ್ಯಾಟೊ ಬೆಳೆಯಬೇಕಂತೆ. ನಿನ್ನ ಮಗಳು ಇಬ್ಬರಿಗೂ ಮರ್ಯಾದೆಯಿಂದಲೇ ಉತ್ತರ ಕೊಟ್ಟಳು, ನೀನಾಗಿದ್ದರೆ ಕೊಡುತ್ತಿರಲಿಲ್ಲ.

ಆಸ್ಟಿನ್‌ನಿಂದ ಗಡ್ಡದ ಹುಡುಗನೊಬ್ಬ ಬಂದಿದ್ದ. ಹೋಟೆಲು ತೆರೆಯುತ್ತಾನಂತೆ. ಸ್ಮೋಕರಿನ ಕೆಳಗೆ ನುಸುಳಿ, ಬೆಸುಗೆಯ ಮೇಲೆಲ್ಲ ಟಾರ್ಚ್ ಬಿಟ್ಟು ನೋಡಿ, ಎದ್ದು ನಿಂತು ಟೋಪಿ ತೆಗೆದ. ನೀವು ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ, ಮಾರ್ಚ್ 29ಕ್ಕೆ ಗಾಡಿ ತರುತ್ತೇನೆ ಎಂದ. ಆಗಲಿ ಎಂದೆ.

ಅದಾದ ಮೂರನೆಯ ದಿನ ಓಲೀಟಾ ಆಂಟಿ ಬಂದಳು.

ವೆಂಡೆಲ್ ಅಂಕಲ್‌ನ ಶವಸಂಸ್ಕಾರದ ದಿನ ಇಗರ್ಜಿಯ ಹಿಂದಿನ ಸಾಲಿನಿಂದ ಅವಳ ಬೆನ್ನು ನೋಡಿದ್ದೇ ಕೊನೆ. ಆಮೇಲೆ ಅಂಗಡಿಯಲ್ಲಿ ಎದುರಾದರೆ ನಾನೇ ಬೇರೆ ಸಾಲಿಗೆ ಹೋಗುತ್ತಿದ್ದೆ. ನಾನು ಹುಟ್ಟಿದಾಗ ಅಮ್ಮನಿಗೆ ಬಾಣಂತನ ಮಾಡಿದವಳು ಅವಳೇ. ಕಾರಿನಿಂದ ಇಳಿದವಳು ಒಳಗೆ ಬಾ ಎಂದರೂ ಬರಲಿಲ್ಲ. ನೇರ ಹಿತ್ತಲಿಗೆ ನಡೆದಳು.

"ನೀನೇ ಹೇಳ್ತೀಯೇನೋ ಅಂತ ಕಾದೆ" ಎಂದಳು. "ಮೇವಿನ ಅಂಗಡಿ ಗೋಡೆ ಮೇಲೆ ನನ್ನ ಗಂಡನ ಹೆಸರು ಓದಬೇಕಾಯ್ತು."

ಅವಳು ಸ್ಮೋಕರ್ ಸುತ್ತ ಒಂದು ಸುತ್ತು ಬಂದು, ತಗ್ಗಿನ ಬಳಿ ನಿಂತಳು. ಮುಟ್ಟಲಿಲ್ಲ.

"ನಾನು ತಗೋತೀನಿ. ಯಾಕೆ ಅಂತ ಮುಚ್ಚಿಡಲ್ಲ. ಲೆರಾಯ್ ಯಾಂಡಾನ ಕರೆಸಿ ಗ್ಯಾಸ್ ಕಟರಲ್ಲಿ ತುಂಡು ತುಂಡು ಮಾಡಿಸಿ ಗುಜರಿಗೆ ಹಾಕ್ತೀನಿ. ಇದರ ಮುಂದೆ ಕೂತು ಯಾರೋ ನಗ್ತಾ ತಿನ್ನೋದು ನನಗೆ ಬೇಡ."

ಹೊರಡುವಾಗ ಕಾರಿನ ಬಾಗಿಲು ಹಿಡಿದುಕೊಂಡು ಇನ್ನೊಂದು ಮಾತು ಹೇಳಿದಳು: "ನಿಮ್ಮಪ್ಪನ್ನ ಒಂದು ವಿಷಯ ಕೇಳು. ಅವತ್ತು ವೆಂಡೆಲ್ ಕೀ ಕೇಳಿದ್ನಾ, ಇಲ್ವಾ? ಅಷ್ಟೇ. ಬೇರೆ ಏನೂ ಬೇಡ."

ಅಪ್ಪಾ, ಈಗ ನೀನೇ ಹೇಳು.

ಕಾರ್ಲಾ

*

27 ಫೆಬ್ರವರಿ

ಕಾರ್ಲಾ,

ಓಲೀಟಾಗೆ ಕೊಡು. ಹಣ ತೆಗೆದುಕೊಳ್ಳಬೇಡ. ಕತ್ತರಿಸುವುದಾದರೆ ಕತ್ತರಿಸಲಿ, ಅದು ಅವಳ ಹಕ್ಕು. ಆಸ್ಟಿನ್ ಹುಡುಗನಿಗೆ ಕ್ಷಮೆ ಕೇಳು.

ಅವಳ ಪ್ರಶ್ನೆಗೆ, ಆ ದಿನದ್ದು ನನಗೆ ಸರಿಯಾಗಿ ನೆನಪಿಲ್ಲ ಎಂದು ತಿಳಿಸು. ನಾನೇ ಬರೆಯೋಣವೆಂದರೆ, ಅವಳಾಗಿ ಬರೆಯದೆ ನಾನು ಬರೆಯುವಂತಿಲ್ಲ, ಇಲ್ಲಿನ ನಿಯಮ ಹಾಗಿದೆ.

ಚಳಿ ಕಡಿಮೆಯಾಗಿದೆ. ನನ್ನನ್ನು ಅಡುಗೆಮನೆಗೆ ಹಾಕಿದ್ದಾರೆ. ದಿನವೂ ಹುರುಳಿಕಾಯಿ ಬೇಯಿಸುತ್ತೇನೆ.

ಅಪ್ಪ

*

ಪೆಕನ್ ಬೆಂಡ್
9 ಮಾರ್ಚ್

ಅಪ್ಪಾ,

ನೀನು ಹೇಳಿದ್ದನ್ನು ಹೇಳಲು ನಾನೇ ಅವಳ ಮನೆಗೆ ಹೋದೆ. ಹಣ್ಣು ತುಂಬಿದ ಕೊಲಾಚಿ ಬನ್ನು ಮಾಡುತ್ತಿದ್ದಳು, ಕೈತುಂಬ ಹಿಟ್ಟು. ಸ್ಮೋಕರ್ ಸುಮ್ಮನೆ ಕೊಡುತ್ತೇವೆ ಎಂದಾಗ ಹಿಟ್ಟು ತಟ್ಟುವುದನ್ನು ನಿಲ್ಲಿಸಿದಳು. ಎಲ್ಡನ್ ಕ್ರೆನೆಕ್‌ನಿಂದ ಉಡುಗೊರೆ ತೆಗೆದುಕೊಳ್ಳುವ ಕಾಲ ಇನ್ನೂ ಬಂದಿಲ್ಲ, ಆಸ್ಟಿನ್‌ನವನು ಎಷ್ಟು ಕೊಡುತ್ತಾನೋ ಅಷ್ಟೇ ಕೊಟ್ಟು ಕೊಳ್ಳುತ್ತೇನೆ ಎಂದಳು. ಆಮೇಲೆ ನಿನಗೆ ನೆನಪಿಲ್ಲವಂತೆ ಎಂದೆ. ಅವಳು ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಆಗಲಿಲ್ಲ.

"ಇಪ್ಪತ್ತು ವರ್ಷದ ಹಿಂದೆ ಯಾವ ಮದುವೇಲಿ ಯಾವ ಸೌದೆ ಉರೀತು ಅಂತ ನಿಮ್ಮಪ್ಪ ಹೇಳ್ತಾನೆ" ಎಂದಳು. "ಇದು ಮಾತ್ರ ನೆನಪಿಲ್ಲ."

ಕೈ ತೊಳೆದುಕೊಂಡು ಬಂದು ನನ್ನೆದುರು ಕೂತಳು. ಯಾಕೆ ಕೇಳುತ್ತಿದ್ದಾಳೆ ಎಂಬುದನ್ನು ಆಗ ಹೇಳಿದಳು. ಅದನ್ನು ನಿನಗೂ ತಿಳಿಸಬೇಕು.

ನೀವಿಬ್ಬರೂ ಅಡುಗೆ ಸ್ಪರ್ಧೆಗೆ ಹೊರಟ ಶುಕ್ರವಾರ ಅವಳು ಅಂಕಲ್‌ಗೆ ಒಂದೇ ಮಾತು ಹೇಳಿದ್ದಳಂತೆ: ಎಲ್ಡನ್ ಬೆಂಕಿಯ ಮುಂದೆ ಕೂತರೆ ಕುಡಿಯುತ್ತಾನೆ, ವಾಪಸು ಬರುವಾಗ ಗಾಡಿ ನೀನೇ ಓಡಿಸು. ಆಗಲಿ ಎಂದಿದ್ದನಂತೆ. ಭಾನುವಾರ ಸಂಜೆ ಪೊಲೀಸರು ಬಂದು ಹೇಳಿದಾಗ ಅವಳಿಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ನಿನ್ನ ಮೇಲಲ್ಲ. ಅವನ ಮೇಲೆ. ಇಬ್ಬರೂ ಕುಡಿದಿದ್ದರು ಎಂದು ಊರೆಲ್ಲ ಆಡಿಕೊಂಡಿತಲ್ಲ, ಅವಳೂ ಅದನ್ನೇ ನಂಬಿದಳು. ಹೇಳಿದ ಒಂದು ಮಾತನ್ನು ಮರೆತು ಸತ್ತ ಎಂದು ಮೂರು ವರ್ಷದಿಂದ ಅವನೊಂದಿಗೆ ಜಗಳವಾಡುತ್ತಿದ್ದಾಳೆ. ಎರಡು ವರ್ಷದಿಂದ ಸಮಾಧಿಗೂ ಹೋಗಿಲ್ಲವಂತೆ.

ನಾನು ಕೂಡ ನಿನ್ನನ್ನು ಆ ದಿನದ ಬಗ್ಗೆ ಒಮ್ಮೆಯೂ ಕೇಳಿಲ್ಲ. ಕೇಳಿದರೆ ನೀನು ಹೇಳುತ್ತೀಯ ಎಂಬ ಹೆದರಿಕೆಯಿತ್ತು. ಈಗ ಕೇಳುತ್ತಿದ್ದೇನೆ. ನಿನಗೆ ನೆನಪಿದೆ ಎಂದು ನನಗೂ ಗೊತ್ತು.

ಕಾರ್ಲಾ

*

17 ಮಾರ್ಚ್

ಮಗಳೇ,

ನೆನಪಿದೆ. ಪೂರ್ತಿ ನೆನಪಿದೆ.

ಶನಿವಾರ ಬೆಳಗಿನಿಂದ ನಾನು ಬೆಂಕಿಯ ಮುಂದಿದ್ದೆ, ಕೈಯಲ್ಲಿ ಬಿಯರ್ ಡಬ್ಬಿ ಇತ್ತು. ಅದನ್ನು ನಾನು ಕುಡಿತ ಎಂದು ಎಂದೂ ಎಣಿಸಿದವನಲ್ಲ, ಬೆಂಕಿ ಕಾಯುವವನ ಕೈಯಲ್ಲಿ ಅದೊಂದು ಇರುವುದು ರೂಢಿ ಎಂದುಕೊಂಡಿದ್ದೆ. ಭಾನುವಾರ ಮಧ್ಯಾಹ್ನ ನಮಗೆ ಮೂರನೆಯ ಬಹುಮಾನ ಬಂತು, ಅದಕ್ಕೆಂದು ಇನ್ನಷ್ಟು ಕುಡಿದೆ. ವೆಂಡೆಲ್ ಕುಡಿದಿರಲಿಲ್ಲ. ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ. ಒಂದು ತೊಟ್ಟೂ ಇಲ್ಲ.

ಸ್ಮೋಕರನ್ನು ಪಿಕಪ್‌ಗೆ ಕೊಂಡಿ ಹಾಕುವಾಗ ಅವನು ಮೊದಲ ಸಲ ಕೀ ಕೇಳಿದ. ಇಷ್ಟು ಭಾರ ಎಳೆದುಕೊಂಡು ಓಡಿಸಿ ನಿನಗೆ ಅಭ್ಯಾಸವಿಲ್ಲ ಎಂದೆ. ದಾರಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಅವನು ಇಳಿದು, ಸುತ್ತಿಕೊಂಡು ನನ್ನ ಕಿಟಕಿಗೆ ಬಂದು ಕೈ ಚಾಚಿದ. "ಕೀ ಕೊಡೋ ಎಲ್ಡನ್, ಓಲೀಟಾಗೆ ಮಾತು ಕೊಟ್ಟು ಬಂದಿದೀನಿ" ಎಂದ. ನಾನು ಆಗಷ್ಟೇ ಕೊಂಡಿದ್ದ ತಣ್ಣನೆಯ ಸೋಡಾ ಬಾಟಲಿಯನ್ನು ಅವನ ಕೈಗಿಟ್ಟು ನಕ್ಕೆ. "ಹೆಂಡ್ತಿಗೆ ಇಷ್ಟು ಹೆದರ್ತೀಯಲ್ಲೋ" ಎಂದೆ. ಅವನು ಬಾಟಲಿ ನೋಡಿದ, ನನ್ನನ್ನು ನೋಡಿದ. ಬಂಕಿನಲ್ಲಿ ಜನರಿದ್ದರು. ನನ್ನೊಂದಿಗೆ ಅವರೆದುರು ಜಗಳವಾಡಲು ಅವನಿಗೆ ಇಷ್ಟವಿರಲಿಲ್ಲ. ಸುತ್ತಿಕೊಂಡು ಹೋಗಿ ಪಕ್ಕದಲ್ಲಿ ಕೂತ.

ಮಲ್ಬರಿ ಹಳ್ಳದ ಸೇತುವೆ ತಲುಪಿದಾಗ ಮೂರೂವರೆ. ಒಳ್ಳೆಯ ಬಿಸಿಲು, ಒಣ ರಸ್ತೆ, ಎದುರಿಗೆ ಒಂದು ಗಾಡಿಯೂ ಇರಲಿಲ್ಲ. ತಿರುವಿನಲ್ಲಿ ನಾನು ಜೋರಾಗಿದ್ದೆ. ಹಿಂದೆ ಸ್ಮೋಕರ್ ತೂಗಾಡತೊಡಗಿತು, ಬ್ರೇಕ್ ಒತ್ತಿದೆ, ಒತ್ತಬಾರದಿತ್ತು. ಉಳಿದದ್ದು ನಿನಗೆ ಗೊತ್ತು.

ತಪ್ಪೊಪ್ಪಿಕೊಂಡೆನಾದ್ದರಿಂದ ವಿಚಾರಣೆ ನಡೆಯಲಿಲ್ಲ. ಕೀ ಯಾರ ಬಳಿ ಇತ್ತು, ಯಾರು ಕೇಳಿದರು ಎಂದು ನನ್ನನ್ನು ಯಾರೂ ಕೇಳಲಿಲ್ಲ. ಇಬ್ಬರೂ ಕುಡಿದಿದ್ದರು ಎಂದು ಊರು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಅಲ್ಲ ಎನ್ನಬಹುದಿತ್ತು, ಸುಮ್ಮನಿದ್ದೆ. ತಪ್ಪಿನಲ್ಲಿ ಅವನಿಗೂ ಒಂದು ಪಾಲಿದ್ದರೆ ನನ್ನದು ಅಷ್ಟು ಹಗುರ ಎನಿಸುತ್ತಿತ್ತು. ಅವನನ್ನು ಕೊಂದದ್ದು ಒಂದು ಕ್ಷಣದ ಕೆಲಸ. ಇದನ್ನು ಮೂರು ವರ್ಷ ದಿನವೂ ಮಾಡಿದೆ.

ಈ ಹಾಳೆಯನ್ನು ಅವಳಿಗೆ ಕೊಡು. ಓದಿ ಹೇಳಬೇಡ, ಅವಳೇ ಓದಲಿ. ಸ್ಮೋಕರಿಗೆ ಅವಳು ಎಷ್ಟು ಕೊಟ್ಟರೂ ತೆಗೆದುಕೋ, ಕೊಡದಿದ್ದರೆ ಕೇಳಬೇಡ.

ಅಪ್ಪ

*

ಪೆಕನ್ ಬೆಂಡ್
30 ಮಾರ್ಚ್

ಅಪ್ಪಾ,

ನಾಳೆ ಬೀಗದ ಕೈ ಸುಲಕ್ ಅಜ್ಜಿಗೆ ಕೊಟ್ಟು ಹೊರಡುತ್ತೇನೆ. ಪೆಟ್ಟಿಗೆಗಳ ನಡುವೆ ಕೂತು ಬರೆಯುತ್ತಿದ್ದೇನೆ.

ಹಾಳೆಯನ್ನು ಓಲೀಟಾ ಆಂಟಿಗೆ ಕೊಟ್ಟೆ. ಕಿಟಕಿಯ ಬಳಿ ನಿಂತು ಓದಿದಳು. ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ಆಮೇಲೆ ಬಂಕಿನಲ್ಲಿ ಕೊಂಡದ್ದು ಯಾವ ಸೋಡಾ ಎಂದು ಕೇಳಿದಳು. ಅದರಲ್ಲಿ ಬರೆದಿಲ್ಲ ಎಂದೆ. "ಕಿತ್ತಳೆದಿರಬೇಕು" ಎಂದಳು. "ಕಿತ್ತಳೆದಾದ್ರೆ ಅವನು ಬೇಡ ಅಂತಿರ್ಲಿಲ್ಲ."

ಏಪ್ರನ್ ಬಿಚ್ಚಿ ಗೂಟಕ್ಕೆ ಹಾಕಿ, ಬಾ ಎಂದಳು. ಎಲ್ಲಿಗೆಂದು ಕೇಳಲಿಲ್ಲ. ಅವಳೇ ಕಾರು ಓಡಿಸಿದಳು. ಇಗರ್ಜಿಯ ಹಿಂದೆ ಸಮಾಧಿಗಳ ನಡುವೆ ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ವೆಂಡೆಲ್ ಅಂಕಲ್‌ನ ಕಲ್ಲು ಹುಡುಕಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ದೂರ ನಿಂತಿದ್ದೆ, ಆದರೂ ಕೇಳಿಸಿತು.

"ಕೇಳಿದ್ಯಂತೆ" ಎಂದಳು. "ಎರಡು ಸಲ ಕೇಳಿದ್ಯಂತೆ. ನನಗೆ ಗೊತ್ತಿರ್ಲಿಲ್ಲ ಕಣೋ."

ಆಮೇಲೆ ಕೂತು ಹುಲ್ಲು ಕೀಳತೊಡಗಿದಳು. ನಾನೂ ಹೋಗಿ ಪಕ್ಕದಲ್ಲಿ ಕೂತು ಕಿತ್ತೆ. ಅವಳು ನನ್ನನ್ನು ಎಬ್ಬಿಸಿ ಕಳಿಸಲಿಲ್ಲ.

ಶನಿವಾರ ಲೆರಾಯ್ ಯಾಂಡಾನ ಗಾಡಿ ತಂದು ಸ್ಮೋಕರ್ ಎಳೆದುಕೊಂಡು ಹೋದಳು. ಚೆಕ್ ಕೊಟ್ಟಳು, ತೆಗೆದುಕೊಂಡೆ. ಕತ್ತರಿಸುವ ಮಾತನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಆಸ್ಟಿನ್ ಹುಡುಗನಿಗೆ ಮೊದಲೇ ಫೋನ್ ಮಾಡಿದ್ದೆ. ಬೇಜಾರಾದ, ಆದರೂ ಒಳ್ಳೆಯ ಮಾತೇ ಆಡಿದ.

ಇನ್ನು ನನ್ನ ವಿಷಯ. ನಿನ್ನ ಪತ್ರವನ್ನು ಮೊದಲು ಓದಿದವಳು ನಾನು. ಓದಿ, ಇನ್ನು ನಿನ್ನ ಮುಖ ನೋಡಲಾರೆ ಎಂದುಕೊಂಡೆ. ಎರಡು ದಿನ ಹಾಗೇ ಇದ್ದೆ. ಮೂರನೆಯ ದಿನ ಅನಿಸಿತು, ಇಷ್ಟು ವರ್ಷ ಗಾಜಿನ ಆಚೆ ಕೂತು ಹವಾಮಾನದ ಬಗ್ಗೆ ಮಾತಾಡುತ್ತಿದ್ದವನು ಯಾರೋ ಬೇರೆಯವನು. ಈ ಪತ್ರ ಬರೆದವನು ನನ್ನಪ್ಪ. ಏಪ್ರಿಲ್ ಎರಡನೆಯ ಭಾನುವಾರ ಬರುತ್ತೇನೆ. ಬೈಯುವುದಕ್ಕೇ ಬರುತ್ತೇನೆ ಎಂದು ಬೇಕಾದರೆ ತಿಳಿದುಕೋ.

ಕಾರ್ಲಾ

*

2 ಮೇ

ಪ್ರೀತಿಯ ಕಾರ್ಲಾ,

ನೀನು ಬಂದು ಹೋಗಿ ಮೂರು ವಾರವಾಯಿತು. ಬೈಯುತ್ತೇನೆಂದು ಬಂದವಳು ಮೊದಲು ಓಲೀಟಾಳ ಸುದ್ದಿ ಹೇಳಿದೆ. ಆಮೇಲೆ ಬೈದೆ. ನಿಮ್ಮಮ್ಮ ಸತ್ತ ಮೇಲೆ ನನ್ನನ್ನು ಯಾರೂ ಹಾಗೆ ಬೈದಿರಲಿಲ್ಲ. ಆ ದಿನ ಚೆನ್ನಾಗಿ ನಿದ್ದೆ ಬಂತು.

ಸ್ಮೋಕರ್ ಓಲೀಟಾಳ ಹಿತ್ತಲಿನಲ್ಲಿ ಮಳೆಗೆ ನೆನೆಯುತ್ತಾ ನಿಂತಿದೆ, ಲೆರಾಯ್ ಕಟರ್ ಹಿಡಿದು ಎರಡು ಸಲ ಬಂದು ಹೋದ ಎಂದು ನೀನು ಹೇಳಿದೆ. ಅದರ ಸುದ್ದಿ ಇನ್ನು ನನಗೆ ತರಬೇಡ, ವಿಚಾರಿಸಲೂ ಹೋಗಬೇಡ. ಮಾರಿಯಾಯಿತು. ಅವಳದ್ದು ಅದು.

ನಿನ್ನ ಹೊಸ ಕೋಣೆಗೆ ಬೆಳಗಿನ ಬಿಸಿಲು ಬರುತ್ತದೆಯೇ? ಹಲ್ಲಿನ ಡಾಕ್ಟರು ಹೇಗೆ? ಇದನ್ನೆಲ್ಲ ಬರೆ.

ಅಪ್ಪ

*

ಪೆಕನ್ ಬೆಂಡ್
7 ಜುಲೈ

ಎಲ್ಡನ್,

ಪ್ರೀತಿಯ ಎಂದು ಬರೆಯಲಾರೆ, ಅದಕ್ಕೇ ಬರೀ ಹೆಸರು ಬರೆದಿದ್ದೇನೆ. ನಾನಾಗಿ ಬರೆದರೆ ನೀನು ಉತ್ತರ ಕೊಡಬಹುದು ಎಂದು ಕಾರ್ಲಾ ಹೇಳಿದಳು.

ನಿನ್ನ ಹಾಳೆ ನನ್ನ ಬಳಿ ಇದೆ. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನೀನು ನಕ್ಕದ್ದನ್ನೂ ಬರೆದೆಯಲ್ಲ, ಅದಕ್ಕೇ ನಂಬಿದೆ.

ಸ್ಮೋಕರ್ ಕತ್ತರಿಸಲೆಂದೇ ತಂದಿದ್ದೆ. ಲೆರಾಯ್ ಬಂದು ಕಟರ್ ಹೊತ್ತಿಸಿ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ. ತೋರಿಸಲು ಹೋಗಿ ಬೆಸುಗೆಯ ಮೇಲೆ ಕೈಯಿಟ್ಟೆ. ಹೊಲಿಗೆ ಹಾಕಿದಷ್ಟು ಸಮ. ವೆಂಡೆಲ್ ಅದನ್ನು ಮಾಡುವಾಗ ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಬಂದೆ ಬಂದೆ ಎನ್ನುತ್ತಿದ್ದ, ಸಾರು ಎರಡು ಸಲ ಬಿಸಿ ಮಾಡಬೇಕಾಗುತ್ತಿತ್ತು. ಲೆರಾಯ್‌ನನ್ನು ವಾಪಸು ಕಳಿಸಿದೆ. ಒಂದು ವಾರ ಬಿಟ್ಟು ಮತ್ತೆ ಕರೆಸಿದೆ, ಮತ್ತೆ ಕಳಿಸಿದೆ. ಮೂರನೆಯ ಸಲ ಅವನು, "ಆಂಟಿ, ನಾನು ಕಾಫಿ ಕುಡಿಯೋಕೆ ಬಂದೆ ಅಂದ್ಕೋತೀನಿ, ನಿಧಾನವಾಗಿ ಯೋಚನೆ ಮಾಡಿ" ಎಂದ. ಆ ದಿನ ಕತ್ತರಿಸಿಯೇ ಬಿಟ್ಟೆವು. ಚಕ್ರ, ಅಚ್ಚು, ಕೊಂಡಿ, ಅಷ್ಟನ್ನೂ ಗುಜರಿಗೆ ಹಾಕಿದೆ. ಉಳಿದ ಮೈಯನ್ನು ಊರಿನ ಅಗ್ನಿಶಾಮಕ ದಳದ ಎಂಟು ಜನ ಸೇರಿ ಎತ್ತಿ, ಅವರ ಶೆಡ್ಡಿನ ಹಿಂದೆ ಕಾಂಕ್ರೀಟ್ ದಿಮ್ಮಿಗಳ ಮೇಲೆ ಕೂರಿಸಿದರು. ಇನ್ನು ಅದು ಯಾವ ರಸ್ತೆಗೂ ಇಳಿಯುವುದಿಲ್ಲ.

ಜುಲೈ ನಾಲ್ಕು, ಸ್ವಾತಂತ್ರ್ಯ ದಿನದ ಊಟಕ್ಕೆ ನಾನೇ ಬೆಂಕಿ ಹಾಕಿ ಆರು ಬ್ರಿಸ್ಕೆಟ್ ಇಟ್ಟೆ. ಬೆಂಕಿಯ ಕಡೆಯ ಮೂರು ಸುಟ್ಟು ಕರಕಲಾದವು, ಕೊಳವೆಯ ಕಡೆಯ ಮೂರು ಚಪ್ಪಲಿಯಂತೆ ಗಟ್ಟಿ. ಎಲ್ಲರೂ ಚೆನ್ನಾಗಿದೆ ಎಂದರು. ಪಾದ್ರಿಗಳು ಎರಡನೆಯ ಸಲ ಹಾಕಿಸಿಕೊಂಡು ಅದನ್ನು ಮೇಜಿನ ಕೆಳಗೆ ನಾಯಿಗೆ ಕೊಟ್ಟದ್ದನ್ನು ನಾನು ನೋಡಿದೆ. ವೆಂಡೆಲ್‌ಗೆ ಬೆಸೆಯುವುದು ಗೊತ್ತಿತ್ತು, ಬೇಯಿಸುತ್ತಿದ್ದವನು ನೀನು. ಹತ್ತಿರಕ್ಕೂ ಯಾರನ್ನೂ ಬಿಡುತ್ತಿರಲಿಲ್ಲ.

ಆಗಸ್ಟ್ 9ಕ್ಕೆ ದಳದ ವಾರ್ಷಿಕ ಊಟ. ಇನ್ನೂರು ಜನ. ನಾನು ಒಪ್ಪಿಕೊಂಡುಬಿಟ್ಟಿದ್ದೇನೆ. ಬೆಂಕಿಯ ಕಡೆ ಅಷ್ಟು ಸುಡದ ಹಾಗೆ ನೀನು ಏನು ಮಾಡುತ್ತಿದ್ದೆ?

ಕ್ಷಮಿಸಿದ್ದೇನೆ ಎಂದು ತಿಳಿಯಬೇಡ. ಕೇಳುತ್ತಿರುವುದು ಮಾಂಸದ ವಿಷಯ.

ಓಲೀಟಾ ಓಡಮ್

*

16 ಜುಲೈ

ಓಲೀಟಾ,

ಪತ್ರ ಬಂತು. ಮಾಂಸದ ವಿಷಯವನ್ನೇ ಬರೆಯುತ್ತೇನೆ.

ತಪ್ಪು ನಿನ್ನದಲ್ಲ. ಬೆಂಕಿಗೂಡಿನ ಬಾಯಿಯಿಂದ ಅರ್ಧದವರೆಗೆ ಒಳಗಡೆ ತಳದಲ್ಲಿ ನಾನು ಒಂದು ದಪ್ಪ ಕಬ್ಬಿಣದ ತಗಡು ಹಾಸುತ್ತಿದ್ದೆ. ಅದು ಬಿಡಿ ತಗಡು, ಬೆಸೆದದ್ದಲ್ಲ. ಸೇತುವೆಯ ಬಳಿಯೇ ಹಳ್ಳಕ್ಕೆ ಬಿದ್ದಿರಬೇಕು. ಅದಿಲ್ಲದೆ ಶಾಖವೆಲ್ಲ ಬಾಯಿಯ ಹತ್ತಿರವೇ ಮೇಲೇಳುತ್ತದೆ. ಲೆರಾಯ್‌ಗೆ ಕಾಲಿಂಚು ದಪ್ಪದ್ದನ್ನು ಕತ್ತರಿಸಿಕೊಡಲು ಹೇಳು, ಅಗಲ ಎರಡು ಗೇಣು. ಬಾಯಿಯ ಕಡೆ ನಾಲ್ಕು ಬೆರಳು ಎತ್ತರವಿರಲಿ, ಆ ಕಡೆ ತಳಕ್ಕೆ ತಾಗಲಿ.

ಸೌದೆ ಒಂದು ವರ್ಷವಾದರೂ ಒಣಗಿದ್ದಿರಬೇಕು. ಹೊಗೆ ಬೆಳ್ಳಗೆ ದಪ್ಪಗಿರುವಾಗ ಮಾಂಸ ಇಡಬೇಡ, ತೆಳ್ಳಗಾಗಿ ಕಂಡೂ ಕಾಣದಂತಾಗುವವರೆಗೆ ಕಾಯಬೇಕು. ಹೊಗೆಕೊಳವೆ ಪೂರ್ತಿ ತೆರೆದಿರಲಿ, ಶಾಖ ಹೆಚ್ಚು ಕಡಿಮೆ ಮಾಡುವುದು ಸೌದೆಯಿಂದಲೇ. ಮಾಂಸದ ದಪ್ಪ ತುದಿ ಬೆಂಕಿಯ ಕಡೆಗಿರಲಿ. ಐದನೆಯ ಗಂಟೆಗೆ ಈ ಕಡೆಯದ್ದು ಆ ಕಡೆಗೆ, ಆ ಕಡೆಯದ್ದು ಈ ಕಡೆಗೆ ಬದಲಿಸು. ಇಳಿಸಿದ ಮೇಲೆ ಕಾಗದದಲ್ಲಿ ಸುತ್ತಿ ಒಂದು ಗಂಟೆ ಮುಟ್ಟಬೇಡ, ಯಾರು ಎಷ್ಟು ಅವಸರ ಮಾಡಿದರೂ.

ಹತ್ತು ಹನ್ನೆರಡು ಗಂಟೆ ಬೆಂಕಿ ಕಾಯುವುದು ಒಬ್ಬರ ಕೆಲಸವಲ್ಲ. ಕಾರ್ಲಾಗೆ ಸೌದೆ ಹಾಕುವುದು ಚಿಕ್ಕಂದಿನಿಂದ ಗೊತ್ತು, ಕೈ ಹಗುರ. ಕರೆದರೆ ಬರುತ್ತಾಳೆ. ತಾನಾಗಿ ಬರಲು ಹಿಂಜರಿಯುತ್ತಾಳೆ, ನೀನೇ ಕರೆ.

ಸೋಡಾ ಕಿತ್ತಳೆಯದೇ ಆಗಿತ್ತು. ಅರ್ಧ ಕುಡಿದಿದ್ದ.

ತಗಡು ಹಾಸಿದ ಮೇಲೂ ಬೆಂಕಿಯ ಕಡೆ ಸುಡುತ್ತಿದ್ದರೆ ಮತ್ತೆ ಬರೆ.

ಎಲ್ಡನ್